ಗರಗಸದ ಧೂಳು, ಕಂಪ್ಯೂಟರಿನ ಹೊಟ್ಟೆ

ಪ್ರಶ್ನೆ: ನಾವು ಹನ್ನೆರಡು ಮಂದಿ ಸೇರಿ ಒಂದು ಹಾಲ್ ಹಿಡಿದು ಕೆಲಸದ ಜಾಗ ಮಾಡಿಕೊಂಡಿದ್ದೇವೆ. ಉದ್ದ 15 ಮೀಟರ್, ಅಗಲ 10 ಮೀಟರ್. ಒಂದು ತುದಿಯಲ್ಲಿ ಮರಗೆಲಸ: ಗರಗಸ, ಸ್ಯಾಂಡರ್, ಪಕ್ಕದಲ್ಲಿ ಲೇಸರ್ ಕಟಿಂಗ್ ಯಂತ್ರ. ಎಂಟು ಡೆಸ್ಕ್‌ಟಾಪ್ ಕಂಪ್ಯೂಟರ್‌ಗಳಲ್ಲಿ ಒಂದು ಲೇಸರ್ ಯಂತ್ರದ ಬಳಿ ಇದೆ, ಉಳಿದ ಏಳು ಇನ್ನೊಂದು ತುದಿಯಲ್ಲಿ. ಎರಡು ತಿಂಗಳಿಗೊಮ್ಮೆ ಎಲ್ಲ ಕ್ಯಾಬಿನೆಟ್ ತೆರೆದು ಬ್ಲೋವರ್‌ನಿಂದ ಊದುತ್ತೇವೆ. ಆದರೂ ಕಂಪ್ಯೂಟರ್‌ಗಳ ಫ್ಯಾನ್ ಸದ್ದು ಹೆಚ್ಚುತ್ತಲೇ ಇದೆ. ಒಂದಂತೂ ಮಧ್ಯಾಹ್ನದ ಮೇಲೆ ತಾನಾಗಿಯೇ ಆಫ್ ಆಗುತ್ತದೆ. ಬಟ್ಟೆ ಹೊದಿಸಬೇಕು ಎನ್ನುವವರು ಒಬ್ಬರು, ಪ್ಲೈವುಡ್ ಪೆಟ್ಟಿಗೆಯೊಳಗಿಡಬೇಕು ಎನ್ನುವವರು ಇನ್ನೊಬ್ಬರು, ಗಾಳಿ ಕಿಂಡಿಗೆ ನೈಲಾನ್ ಕಾಲುಚೀಲ ಕಟ್ಟಿದರೆ ಸಾಕು ಎನ್ನುವವರು ಮತ್ತೊಬ್ಬರು. ಯಾವುದು ಸರಿ? ವಿಚಿತ್ರವೆಂದರೆ ಆಫ್ ಆಗುವ ಕಂಪ್ಯೂಟರ್ ಗರಗಸಕ್ಕೆ ಅತಿ ದೂರದಲ್ಲಿದೆ. ಗೋಡೆಯ ಎಕ್ಸಾಸ್ಟ್ ಫ್ಯಾನಿನ ನೇರ ಕೆಳಗೆ, ಮೇಜಿನಡಿ ನೆಲದ ಮೇಲೆ.

ಉತ್ತರ: ನಿಮಗೆ ವಿಚಿತ್ರವೆನಿಸಿದ ಆ ಕೊನೆಯ ಸಂಗತಿಯಲ್ಲೇ ಅರ್ಧ ಉತ್ತರ ಇದೆ. ಮೊದಲು ನಿಮ್ಮ ಮೂರು ಸಲಹೆಗಳ ಬಗ್ಗೆ ಒಂದು ಮಾತು. ಮೂರೂ ಕಂಪ್ಯೂಟರಿಗೆ ಏನಾದರೂ ಮಾಡಬೇಕು ಎನ್ನುತ್ತವೆ. ಧೂಳು ಮಾಡುತ್ತಿರುವುದು ಸ್ಯಾಂಡರ್, ಅದನ್ನು ಹೊತ್ತು ತರುತ್ತಿರುವುದು ಗಾಳಿ. ಇವೆರಡನ್ನೂ ಬಿಟ್ಟು ಕಂಪ್ಯೂಟರಿಗೆ ಮುಸುಕು ಹಾಕಲು ಹೊರಟರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ.

ಒಂದು ಲೆಕ್ಕ ಹಾಕೋಣ. ಸಾಮಾನ್ಯ ಕ್ಯಾಬಿನೆಟ್‌ನಲ್ಲಿ 120 ಮಿಲಿಮೀಟರಿನ ಎರಡು ಫ್ಯಾನ್‌ಗಳಿದ್ದರೆ, ಅಡೆತಡೆಗಳನ್ನೆಲ್ಲ ಕಳೆದು ಗಂಟೆಗೆ ಸುಮಾರು 50 ಘನ ಮೀಟರ್ ಗಾಳಿ ಅದರೊಳಗೆ ಹಾದುಹೋಗುತ್ತದೆ ಎಂದು ಹಿಡಿಯಬಹುದು. ಎಂಟು ಕಂಪ್ಯೂಟರ್ ಎಂದರೆ 400 ಘನ ಮೀಟರ್. ನಿಮ್ಮ ಹಾಲ್‌ನ ಎತ್ತರ 3 ಮೀಟರ್ ಇದ್ದರೆ ಅದರೊಳಗಿರುವ ಒಟ್ಟು ಗಾಳಿ 450 ಘನ ಮೀಟರ್. ಅಂದರೆ ಹಾಲ್‌ನಲ್ಲಿರುವಷ್ಟು ಗಾಳಿ ಹೆಚ್ಚುಕಡಿಮೆ ಗಂಟೆಗೊಮ್ಮೆ ನಿಮ್ಮ ಕಂಪ್ಯೂಟರ್‌ಗಳ ಹೊಟ್ಟೆಯೊಳಗೆ ಹೊಕ್ಕು ಬರುತ್ತದೆ. ನೀವು ಗಾಳಿ ಶುದ್ಧಿ ಮಾಡುವ ಯಂತ್ರ ಕೊಂಡಿಲ್ಲ ಎಂದುಕೊಂಡಿದ್ದೀರಿ. ಎಂಟು ಇವೆ. ಸೋಸಿದ ಧೂಳು ಎಲ್ಲಿ ಕೂರುತ್ತದೆ ಎನ್ನುವುದೇ ತೊಂದರೆ.

ಗರಗಸದಿಂದ ಅಷ್ಟು ದೂರ ಧೂಳು ಹೇಗೆ ಬಂತು ಎಂಬುದಕ್ಕೆ ಇನ್ನೊಂದು ಲೆಕ್ಕ ಇದೆ. ಕೂದಲೆಳೆಯಷ್ಟು ದಪ್ಪದ, ಸುಮಾರು 100 ಮೈಕ್ರೋಮೀಟರಿನ ಕಣವನ್ನು ಎದೆಯೆತ್ತರದಿಂದ ಬಿಟ್ಟರೆ ಐದಾರು ಸೆಕೆಂಡಿನಲ್ಲಿ ನೆಲ ಸೇರುತ್ತದೆ. 10 ಮೈಕ್ರೋಮೀಟರಿನ ಕಣಕ್ಕೆ ಎಂಟು ನಿಮಿಷ ಬೇಕು. 1 ಮೈಕ್ರೋಮೀಟರಿನ ಕಣಕ್ಕೆ ಹನ್ನೆರಡು ಗಂಟೆ. ಇದು ಗಾಳಿ ಅಲುಗದ ಕೋಣೆಯ ಲೆಕ್ಕ. ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ, ಜನ ಓಡಾಡುತ್ತಿದ್ದರೆ ಇನ್ನೂ ಹೊತ್ತು ತೇಲುತ್ತಿರುತ್ತದೆ. ಗರಗಸದ ಕೆಳಗೆ ರಾಶಿ ಬೀಳುವ ಹೊಟ್ಟು ನಿಮ್ಮ ಶತ್ರುವಲ್ಲ, ಅದು ಬಿದ್ದಲ್ಲೇ ಇರುತ್ತದೆ. ಸ್ಯಾಂಡರ್‌ನಿಂದ ಏಳುವ, ಬಿಸಿಲ ಕೋಲಿನಲ್ಲಿ ಮಾತ್ರ ಕಾಣುವ ಹುಡಿಯೇ ಹಾಲ್‌ನ ಉದ್ದಕ್ಕೂ ಪ್ರಯಾಣ ಮಾಡುವುದು. ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಹುಡಿಯಂತೂ ಇನ್ನೂ ನುಣುಪು.

ಈಗ ಆ ಎಕ್ಸಾಸ್ಟ್ ಫ್ಯಾನ್. ಅದು ಕಂಪ್ಯೂಟರ್ ಇರುವ ತುದಿಯ ಗೋಡೆಯಲ್ಲಿದೆ. ಹೊರಗೆ ಹಾಕುವ ಪ್ರತಿ ಘನ ಮೀಟರ್ ಗಾಳಿಯ ಜಾಗಕ್ಕೆ ಇನ್ನೊಂದು ಘನ ಮೀಟರ್ ಎಲ್ಲಿಂದಲೋ ಬರಲೇಬೇಕು. ನಿಮ್ಮಲ್ಲಿ ಅದು ಮರಗೆಲಸದ ಕಡೆಯಿಂದ, ಏಳು ಕಂಪ್ಯೂಟರ್‌ಗಳನ್ನು ಸವರಿಕೊಂಡು ಬರುತ್ತಿದೆ. ಧೂಳು ಹೊರಹಾಕಲೆಂದು ಕೂರಿಸಿದ ಫ್ಯಾನ್ ಧೂಳಿಗೆ ದಾರಿ ತೋರಿಸುತ್ತಿದೆ. ಆ ದಾರಿಯ ಕಟ್ಟಕಡೆಯಲ್ಲಿ, ಫ್ಯಾನಿನ ಕೆಳಗೆ, ನೆಲದ ಮೇಲೆ ನಿಮ್ಮ ಕಾಯಿಲೆಯ ಕಂಪ್ಯೂಟರ್ ಕುಳಿತಿದೆ.

ಆದ್ದರಿಂದ ಮೊದಲ ಕೆಲಸ: ಆ ಫ್ಯಾನನ್ನು ಇವತ್ತೇ ನಿಲ್ಲಿಸಿ. ಎಕ್ಸಾಸ್ಟ್ ಇರಬೇಕಾದ್ದು ಮರಗೆಲಸದ ತುದಿಯಲ್ಲಿ, ಸ್ಯಾಂಡಿಂಗ್ ಮೇಜಿಗೆ ಆದಷ್ಟು ಹತ್ತಿರ. ಹೊಸ ಗಾಳಿ ಒಳಬರುವ ಕಿಟಕಿ ಕಂಪ್ಯೂಟರ್ ಕಡೆ ಇರಲಿ, ಅದಕ್ಕೊಂದು ಫಿಲ್ಟರ್ ಚೌಕಟ್ಟು ಇರಲಿ. ಗಾಳಿ ಶುದ್ಧ ತುದಿಯಿಂದ ಕೊಳಕು ತುದಿಗೆ ಹರಿದು ಅಲ್ಲಿಂದ ಹೊರಬೀಳಬೇಕು. ಇದನ್ನು ಪರೀಕ್ಷಿಸಲು ಉಪಕರಣವೇನೂ ಬೇಡ. ಟಿಶ್ಯೂ ಕಾಗದದ ಒಂದು ಬೆರಳಗಲದ ಪಟ್ಟಿಯನ್ನು ದಾರಕ್ಕೆ ಕಟ್ಟಿ ಹಾಲ್‌ನ ನಡುವೆ ಹಿಡಿಯಿರಿ. ಯಾವ ಕಡೆ ಓಲುತ್ತದೆ ನೋಡಿ. ಮರಗೆಲಸದ ಕಡೆ ಓಲಿದರೆ ಸರಿ.

ಎರಡು ತುದಿಗಳ ನಡುವೆ ಒಂದು ಅಡ್ಡಗೋಡೆ ಎದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ನಾನು ಕಂಡ ಫಿಲ್ಟರ್‌ಗಳಲ್ಲೆಲ್ಲ ಗೋಡೆಯೇ ಶ್ರೇಷ್ಠ: ಅದನ್ನು ಯಾರೂ ತೊಳೆಯಬೇಕಿಲ್ಲ. ಗೋಡೆ ಸಾಧ್ಯವಿಲ್ಲದಿದ್ದರೆ ಮೇಲಿಂದ ನೆಲದವರೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಓಡಾಡಲು ಒಂದೆಡೆ ಒಂದರ ಮೇಲೊಂದು ಬರುವ ಪಟ್ಟಿಗಳ ಪರದೆ ಹಾಕಿ. ಗಾಳಿಯಾಡದಂತೆ ಅದನ್ನು ಬಿಗಿ ಮಾಡಲು ಒದ್ದಾಡಬೇಡಿ. ಸಂದಿಗಳಿರಲಿ, ಆದರೆ ಆ ಸಂದಿಗಳಲ್ಲಿ ಗಾಳಿ ಸದಾ ಮರಗೆಲಸದ ಕಡೆಗೇ ನುಗ್ಗುತ್ತಿರಬೇಕು. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಗಾಳಿ ಎದುರಾದರೆ ಹುಡಿ ಅದರ ವಿರುದ್ಧ ಈಜಿ ಬರಲಾರದು. ಎರಡು ಚದರ ಮೀಟರಿನ ತೆರೆದ ಬಾಗಿಲಲ್ಲಿ ಆ ವೇಗ ಬೇಕೆಂದರೆ ಗಂಟೆಗೆ 3600 ಘನ ಮೀಟರ್ ಗಾಳಿ ಎಳೆಯಬೇಕಾಗುತ್ತದೆ, ಅದಕ್ಕೆ ದೈತ್ಯ ಫ್ಯಾನೇ ಬೇಕು. ಪರದೆ ಹಾಕಿ ಒಟ್ಟು ಸಂದಿಯನ್ನು ಚದರ ಮೀಟರಿನ ಐದನೇ ಒಂದು ಭಾಗಕ್ಕೆ ಇಳಿಸಿದರೆ 360 ಸಾಕು. ಸಾಧಾರಣ ಎಕ್ಸಾಸ್ಟ್ ಫ್ಯಾನ್ ಆ ಕೆಲಸವನ್ನು ನಿರಾಯಾಸವಾಗಿ ಮಾಡುತ್ತದೆ.

ಧೂಳು ಹುಟ್ಟುವ ಜಾಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಿಮ್ಮಲ್ಲಿರುವ ಮರಗೆಲಸದವರಿಗೆ ಇದು ಗೊತ್ತಿರುತ್ತದೆ. ಸ್ಯಾಂಡರ್‌ನ ಬಾಯಿಗೆ ವ್ಯಾಕ್ಯೂಮ್‌ನ ಕೊಳವೆ ಜೋಡಿಸದೆ ಗುಂಡಿ ಒತ್ತಬಾರದು. ಆ ವ್ಯಾಕ್ಯೂಮ್‌ನಲ್ಲಿ ಸೂಕ್ಷ್ಮ ಫಿಲ್ಟರ್ ಇರಲಿ. ಇಲ್ಲದಿದ್ದರೆ ಅದು ಹೊಟ್ಟನ್ನು ಹಿಡಿದಿಟ್ಟುಕೊಂಡು, ತೇಲುವ ಹುಡಿಯನ್ನು ಹಿಂಬದಿಯಿಂದ ಇನ್ನಷ್ಟು ಚೆನ್ನಾಗಿ ಹರಡುತ್ತದೆ. ಮೈಮೇಲಿನ ಹೊಟ್ಟನ್ನು ಕಂಪ್ರೆಸರ್ ಗಾಳಿಯಿಂದ ಊದಿಕೊಳ್ಳುವ ಅಭ್ಯಾಸ ಇದ್ದರೆ ಅದನ್ನು ಹಾಲ್‌ನ ಹೊರಗೆ ಮಾಡಲಿ. ಒಣ ಪೊರಕೆ ಬೇಡ, ಒದ್ದೆ ಬಟ್ಟೆ ಅಥವಾ ವ್ಯಾಕ್ಯೂಮ್ ಸಾಕು. ಗುಡಿಸುವುದು ಎಂದರೆ ನೆಲಕ್ಕೆ ಬೀಳಲು ಎಂಟು ನಿಮಿಷ ತೆಗೆದುಕೊಂಡದ್ದನ್ನು ಎಂಟು ಸೆಕೆಂಡಿನಲ್ಲಿ ಮತ್ತೆ ಮೇಲೆಬ್ಬಿಸುವುದು. ಅಂದಹಾಗೆ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿ ದಶಕಗಳೇ ಕಳೆದಿವೆ. ಕಂಪ್ಯೂಟರಿನ ಬಗ್ಗೆ ಹನ್ನೆರಡು ಜನ ಕೂತು ಚರ್ಚಿಸಿದ್ದೀರಿ, ಸ್ಯಾಂಡರ್ ಹಿಡಿಯುವವರ ಮೂಗಿನ ಮೇಲೆ ಒಳ್ಳೆಯ ಮಾಸ್ಕ್ ಇದೆಯೇ ಎಂಬುದನ್ನೂ ನೋಡಿ.

ಲೇಸರ್ ಯಂತ್ರದ ಹೊಗೆ ಬೇರೆ ಜಾತಿಯದು. ಮರ, ಅಕ್ರಿಲಿಕ್ ಸುಟ್ಟ ಹೊಗೆ ಅಂಟು. ಫ್ಯಾನಿನ ರೆಕ್ಕೆಯ ಮೇಲೆ ಅದು ತೆಳುವಾಗಿ ಕೂತರೆ ಅದರ ಮೇಲೆ ಬರುವ ಒಣ ಧೂಳೆಲ್ಲ ಅಲ್ಲೇ ನಿಲ್ಲುತ್ತದೆ. ಆಮೇಲೆ ಎಷ್ಟು ಊದಿದರೂ ಹೋಗುವುದಿಲ್ಲ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಅದರ ಹೊಗೆಕೊಳವೆ ನೇರವಾಗಿ ಕಟ್ಟಡದ ಹೊರಗೆ ಹೋಗಲಿ, ಮಧ್ಯೆ ಎಲ್ಲೂ ಸೋರದಿರಲಿ. ಪಿವಿಸಿ ಅಥವಾ ರೆಕ್ಸಿನ್‌ನಂಥ ವಿನೈಲ್ ಹಾಳೆಯನ್ನು ಆ ಯಂತ್ರದಲ್ಲಿ ಯಾರೂ ಕತ್ತರಿಸಬಾರದು. ಸುಟ್ಟಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಅನಿಲ ಗಾಳಿಯ ತೇವದೊಡನೆ ಸೇರಿ ಆಮ್ಲವಾಗುತ್ತದೆ. ಲೋಹದ ತುದಿಗಳನ್ನು, ಸಂಪರ್ಕದ ಪಿನ್ನುಗಳನ್ನು ತಿನ್ನುತ್ತದೆ. ಎದೆಗೂ ಅಷ್ಟೇ ಕೆಟ್ಟದ್ದು. ಇದನ್ನು ತಡೆಯುವ ಫಿಲ್ಟರ್ ಯಾವ ಕ್ಯಾಬಿನೆಟ್‌ನಲ್ಲೂ ಇಲ್ಲ. ಹಾಗೆಯೇ ನಾಳೆ ಯಾರಾದರೂ ಲೋಹ ಉಜ್ಜುವ ಗ್ರೈಂಡರ್ ತಂದರೆ ಅದಕ್ಕೆ ಹಾಲ್‌ನೊಳಗೆ ಜಾಗ ಕೊಡಬೇಡಿ. ಮರದ ಧೂಳು ಕಂಪ್ಯೂಟರನ್ನು ಬಿಸಿ ಮಾಡುತ್ತದೆ, ಲೋಹದ ಹುಡಿ ನೇರವಾಗಿ ಶಾರ್ಟ್ ಮಾಡುತ್ತದೆ.

ಧೂಳು ಕಂಪ್ಯೂಟರಿಗೆ ಮಾಡುವ ಕೇಡಿನ ಬಗ್ಗೆ ತಪ್ಪು ಕಲ್ಪನೆಗಳು ಬಹಳ. ಕ್ಯಾಬಿನೆಟ್ ತೆರೆದಾಗ ಮದರ್‌ಬೋರ್ಡ್ ಮೇಲೆ ಬೂದಿ ಬಣ್ಣದ ತೆಳು ಪದರ ಕಂಡರೆ ಎಲ್ಲರೂ ಗಾಬರಿಯಾಗುತ್ತಾರೆ. ಒಣಗಿದ ಕೋಣೆಯಲ್ಲಿ ಆ ಪದರದಿಂದ ಹೆಚ್ಚು ತೊಂದರೆಯಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದಾಗ ಮಾತ್ರ ಧೂಳಿನಲ್ಲಿರುವ ಲವಣಗಳು ನೀರು ಹೀರಿ, ವಿದ್ಯುತ್ ಸೋರುವುದಕ್ಕೂ ತುಕ್ಕಿಗೂ ದಾರಿಯಾಗಬಹುದು. ನಿಜವಾದ ಕೇಡು ಕಣ್ಣಿಗೆ ಕಾಣದ ಕಡೆ ನಡೆಯುತ್ತದೆ: ಪ್ರೊಸೆಸರ್ ಮೇಲಿನ ಫ್ಯಾನ್ ಮತ್ತು ಅದರ ಹಿಂದಿನ ಹೀಟ್ ಸಿಂಕ್‌ನ, ಅಂದರೆ ಪ್ರೊಸೆಸರಿನ ಶಾಖ ಹೀರಿ ಗಾಳಿಗೆ ಬಿಡುವ ಲೋಹದ ತಗಡುಗಳ ಕಟ್ಟಿನ, ನಡುವೆ. ಹೀಟ್ ಸಿಂಕ್‌ನ ತಗಡುಗಳ ನಡುವಿನ ಸಂದಿ ಒಂದೆರಡು ಮಿಲಿಮೀಟರ್ ಮಾತ್ರ. ಬಟ್ಟೆಯ ಒಂದು ಎಳೆ, ಒಂದು ಕೂದಲು ಬಂದು ಎರಡು ತಗಡುಗಳಿಗೆ ಅಡ್ಡಲಾಗಿ ಬೀಳುತ್ತದೆ. ಅದರ ಮೇಲೆ ಇನ್ನೊಂದು. ಹೀಗೆ ಬಲೆ ನೇಯ್ದುಕೊಂಡ ಮೇಲೆ ಹುಡಿ ಬಂದು ಅದರಲ್ಲಿ ತುಂಬುತ್ತದೆ. ಕೆಲವು ತಿಂಗಳಲ್ಲಿ ಕಂಬಳಿಯ ತುಂಡಿನಂಥ ಒಂದು ಪದರ ಸಿದ್ಧ. ಫ್ಯಾನ್ ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ತಗಡುಗಳೊಳಗೆ ಹೋಗುವುದಿಲ್ಲ.

ಈ ವಿವರ ಮುಖ್ಯ. ನುಣ್ಣನೆಯ ಹುಡಿ ಒಂದೇ ಬಂದರೆ ಅದರ ಬಹುಪಾಲು ಗಾಳಿಯೊಡನೆ ತಗಡುಗಳ ನಡುವಿನಿಂದ ಹಾದುಹೋಗುತ್ತದೆ. ಬಲೆ ಕಟ್ಟಲು ಎಳೆಗಳು ಬೇಕು. ಎಳೆಗಳನ್ನು ತಡೆಯಲು ಅತಿಸೂಕ್ಷ್ಮ ಫಿಲ್ಟರ್ ಬೇಕಿಲ್ಲ, ಸೊಳ್ಳೆಪರದೆಗಿಂತ ಸ್ವಲ್ಪ ಸಣ್ಣ ಕಣ್ಣಿನ ಜಾಲರಿ ಸಾಕು. ಕ್ಯಾಬಿನೆಟ್ ಮುಂಭಾಗಕ್ಕೆ ಅಯಸ್ಕಾಂತದಿಂದ ಅಂಟುವ ಅಗ್ಗದ ಜಾಲರಿಯನ್ನು ಹುಡಿ ನಿಲ್ಲಿಸುವುದಿಲ್ಲವೆಂದು ಹಳಿಯುವವರಿದ್ದಾರೆ. ಹುಡಿ ನಿಲ್ಲಿಸುವುದಿಲ್ಲ, ನಿಜ. ಕಂಬಳಿ ನೇಯುವುದನ್ನು ನಿಲ್ಲಿಸುತ್ತದೆ, ಅದೇ ದೊಡ್ಡದು.

ಅದಕ್ಕೆ ವಿರುದ್ಧವಾಗಿ, ಹೆಪಾ ಫಿಲ್ಟರನ್ನೇ ತಂದು ಕ್ಯಾಬಿನೆಟ್‌ಗೆ ಕಟ್ಟುವ ಉತ್ಸಾಹಿಗಳೂ ಇದ್ದಾರೆ. ಹೆಪಾ ಎಂದರೆ 0.3 ಮೈಕ್ರೋಮೀಟರ್ ಕಣಗಳಲ್ಲಿ 99.97 ಪ್ರತಿಶತ ಹಿಡಿಯುವ ಫಿಲ್ಟರ್. ಅದರೊಳಗಿಂದ ಗಾಳಿಯನ್ನು ಪೂರ್ಣ ಹರಿವಿನಲ್ಲಿ ತಳ್ಳಲು 250 ಪಾಸ್ಕಲ್ ಆಸುಪಾಸಿನ ಒತ್ತಡ ಬೇಕು. ಕ್ಯಾಬಿನೆಟ್ ಫ್ಯಾನಿನ ಶಕ್ತಿ ಇಪ್ಪತ್ತು ಪಾಸ್ಕಲ್‌ನ ಆಚೀಚೆ. ಸಣ್ಣ ತುಂಡು ಕಟ್ಟಿದರೆ ಧೂಳೂ ಬರುವುದಿಲ್ಲ, ಗಾಳಿಯೂ ಬರುವುದಿಲ್ಲ.

ಇಷ್ಟಾದ ಮೇಲೆ ನಿಮ್ಮ ಮೂರು ಸಲಹೆಗಳಿಗೆ ಬರುತ್ತೇನೆ.

ಬಟ್ಟೆ: ಕಂಪ್ಯೂಟರ್ ಆಫ್ ಆಗಿ ತಣ್ಣಗಾದ ಮೇಲೆ ಹೊದಿಸಿದರೆ ತಪ್ಪೇನಿಲ್ಲ, ಲಾಭವೂ ಅಷ್ಟಕ್ಕಷ್ಟೇ. ಆಫ್ ಆದ ಕಂಪ್ಯೂಟರ್ ಗಾಳಿಯನ್ನೇ ಎಳೆಯುವುದಿಲ್ಲವಲ್ಲ. ಸ್ಲೀಪ್‌ನಲ್ಲಿಟ್ಟು ಹೊದಿಸುವವರು ಎಚ್ಚರವಿರಲಿ, ರಾತ್ರಿ ಅಪ್‌ಡೇಟ್‌ಗೆಂದು ಅದು ಎದ್ದರೆ ಬಟ್ಟೆಯೊಳಗೇ ಬೇಯುತ್ತದೆ. ಬೆಳಿಗ್ಗೆ ಬಟ್ಟೆಯನ್ನು ಕಂಪ್ಯೂಟರ್ ಪಕ್ಕದಲ್ಲೇ ಕೊಡವುವ ದೃಶ್ಯವನ್ನು ಎಷ್ಟು ಕಡೆ ನೋಡಿದ್ದೇನೆಂದು ಲೆಕ್ಕವಿಟ್ಟಿಲ್ಲ.

ಕಾಲುಚೀಲ: ಕೆಲಸ ಮಾಡುತ್ತದೆ. ನಗಬೇಡಿ, ಅದು ಒಳ್ಳೆಯ ಜಾಲರಿ. ಆದರೆ ನಿಮ್ಮ ಈಗಿನ ಗಾಳಿಯಲ್ಲಿ ಕೆಲವೇ ದಿನಗಳಲ್ಲಿ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡದ್ದು ಕಪ್ಪು ಬಟ್ಟೆಯಲ್ಲಿ ಕಾಣುವುದೂ ಇಲ್ಲ. ತೊಳೆಯದ ಫಿಲ್ಟರ್ ಫಿಲ್ಟರ್ ಇಲ್ಲದ್ದಕ್ಕಿಂತ ಕೆಟ್ಟದ್ದು. ತಾತ್ಕಾಲಿಕಕ್ಕೆ ಕಟ್ಟಿ, ತಿಳಿ ಬಣ್ಣದ್ದನ್ನೇ ಕಟ್ಟಿ.

ಪೆಟ್ಟಿಗೆ: ಇದಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಏಕೆಂದರೆ ಲೇಸರ್ ಯಂತ್ರದ ಬಳಿಯ ಕಂಪ್ಯೂಟರ್‌ಗೆ ಇದೇ ಸರಿಯಾದ ಮದ್ದಾಗಬಹುದು, ತಪ್ಪಾಗಿ ಮಾಡಿದರೆ ಅದೇ ಚಟ್ಟವೂ ಆಗಬಹುದು. ಸುತ್ತ ಮುಚ್ಚಿದ ಪ್ಲೈವುಡ್ ಪೆಟ್ಟಿಗೆ ಶಾಖವನ್ನು ಹೊರಬಿಡುವುದಿಲ್ಲ. ಕಂಪ್ಯೂಟರ್ 150 ವ್ಯಾಟ್ ಎಳೆಯುತ್ತಿದ್ದರೆ ಆ 150 ವ್ಯಾಟ್ ಅಷ್ಟೂ ಶಾಖವಾಗಿ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಒಳಗಿನ ಗಾಳಿ ಹೊರಗಿನದಕ್ಕಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದಾದರೆ ಗಂಟೆಗೆ ಸುಮಾರು 45 ಘನ ಮೀಟರ್ ಗಾಳಿ ಅದರೊಳಗೆ ಹಾಯಬೇಕು. 300 ವ್ಯಾಟ್ ಆದರೆ 90. ಮೊದಲನೆಯದಕ್ಕೆ ಒಂದು 120 ಮಿಲಿಮೀಟರ್ ಫ್ಯಾನ್ ಸಾಕು, ಫಿಲ್ಟರ್ ಮಾತ್ರ ಫ್ಯಾನಿನಷ್ಟೇ ಇರದೆ ದೊಡ್ಡದಾಗಿರಬೇಕು. ಪೆಟ್ಟಿಗೆಯ ಒಂದು ಬದಿಯಲ್ಲಿ 30 ಸೆಂಟಿಮೀಟರ್ ಚೌಕದ, ನೆರಿಗೆ ನೆರಿಗೆಯಾಗಿ ಮಡಿಸಿದ ಫಿಲ್ಟರ್ ಕೂರಿಸಿ. ಅಷ್ಟು ಅಗಲದಲ್ಲಿ ಗಾಳಿ ಸೆಕೆಂಡಿಗೆ 14 ಸೆಂಟಿಮೀಟರಿನ ನಿಧಾನಗತಿಯಲ್ಲಿ ಸೋಸಿ ಬರುತ್ತದೆ, ಫ್ಯಾನಿಗೆ ಭಾರವೂ ಆಗುವುದಿಲ್ಲ. ಫಿಲ್ಟರ್‌ಗಳ ಮೇಲೆ, ಅದು ಎಷ್ಟು ಚೆನ್ನಾಗಿ ಕಣ ಹಿಡಿಯುತ್ತದೆ ಎಂದು ಹೇಳುವ ಮರ್ವ್ ಎಂಬ ಅಂಕಿ ಇದ್ದರೆ 8 ಇರುವುದನ್ನು ಆರಿಸಿ.

ಫ್ಯಾನ್ ಗಾಳಿಯನ್ನು ಫಿಲ್ಟರ್ ಮೂಲಕ ಪೆಟ್ಟಿಗೆಯ ಒಳಕ್ಕೆ ತಳ್ಳಬೇಕು, ಹೊರಕ್ಕೆ ಎಳೆಯಬಾರದು. ಒಳಕ್ಕೆ ತಳ್ಳಿದರೆ ಪೆಟ್ಟಿಗೆಯ ಪ್ರತಿ ಬಿರುಕಿನಿಂದ ಗಾಳಿ ಹೊರಬರುತ್ತಿರುತ್ತದೆ. ಹೊರಕ್ಕೆ ಎಳೆದರೆ ಪ್ರತಿ ಬಿರುಕೂ ಧೂಳು ಹೀರುವ ಬಾಯಿಯಾಗುತ್ತದೆ. ಬಿಸಿ ಗಾಳಿ ಹೋಗುವ ಕಿಂಡಿ ಕಂಪ್ಯೂಟರಿನ ಹಿಂಬದಿಗೆ ಎದುರಾಗಿ, ಮೇಲ್ಭಾಗದಲ್ಲಿರಲಿ. ಕ್ಯಾಬಿನೆಟ್‌ನ ಹಿಂದಿನಿಂದ ಬಂದ ಬಿಸಿ ಗಾಳಿ ಸುತ್ತಿಕೊಂಡು ಮುಂದಿನಿಂದ ಮತ್ತೆ ಒಳಹೋಗದಂತೆ ನಡುವೆ ಒಂದು ರಟ್ಟಿನ ತಡೆ ಇಡಿ. ಈ ರಟ್ಟನ್ನು ಮರೆತು ಪೆಟ್ಟಿಗೆಯ ಐಡಿಯಾವನ್ನೇ ಬೈದವರು ಬಹಳ.

ಪೆಟ್ಟಿಗೆ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಕಂಪ್ಯೂಟರ್ ಅಲ್ಲಿ ಇರಲೇಬೇಕೇ? ಇರಬೇಕಾದ್ದು ಪರದೆ, ಕೀಬೋರ್ಡ್, ಮೌಸ್. ಕ್ಯಾಬಿನೆಟ್ ಅಡ್ಡಗೋಡೆಯ ಆಚೆಗಿರಬಹುದು. ಯುಎಸ್‌ಬಿ 2 ಕೇಬಲ್ 5 ಮೀಟರ್‌ವರೆಗೆ ಸಲೀಸಾಗಿ ನಡೆಯುತ್ತದೆ, ಎಚ್‌ಡಿಎಂಐ ಕೂಡ ಅಷ್ಟು ದೂರಕ್ಕೆ ತಕರಾರು ಮಾಡುವುದಿಲ್ಲ. ಲೇಸರ್ ಯಂತ್ರಕ್ಕೆ ನೆಟ್‌ವರ್ಕ್ ಕಿಂಡಿ ಇದ್ದರೆ ಈಥರ್ನೆಟ್ ಕೇಬಲ್ 100 ಮೀಟರ್ ಹೋಗುತ್ತದೆ. ಅದೂ ಬೇಡವೆಂದರೆ ಫ್ಯಾನೇ ಇಲ್ಲದ ಪುಟ್ಟ ಕಂಪ್ಯೂಟರ್‌ಗಳಿವೆ. ಮೈಯೇ ಹೀಟ್ ಸಿಂಕ್, ವಾರಕ್ಕೊಮ್ಮೆ ಹೊರಗಿನ ಏಣುಗಳನ್ನು ಒರೆಸಿದರೆ ಮುಗಿಯಿತು. ವಿನ್ಯಾಸ ಮಾಡುವ ಭಾರದ ಕೆಲಸ ಅದರಿಂದಾಗದು, ಯಂತ್ರಕ್ಕೆ ಫೈಲ್ ಕಳಿಸಲು ಧಾರಾಳವಾಗಿ ಸಾಕು. ಕಾರ್ಖಾನೆಗಳಿಗೆಂದು ಮಾಡಿದ, ಐಪಿ65 ಎಂಬ ಗುರುತಿರುವವೂ ಸಿಗುತ್ತವೆ. ಅದರ ಮೊದಲ ಅಂಕಿ 6 ಎಂದರೆ ಧೂಳು ಒಳಹೊಗುವುದೇ ಇಲ್ಲ ಎಂದರ್ಥ.

ಉಳಿದ ಏಳು ಕಂಪ್ಯೂಟರ್‌ಗಳಿಗೆ ಮಾಡಬೇಕಾದ್ದು ಕಡಿಮೆ. ನೆಲದಿಂದ ಎತ್ತಿ ಮೇಜಿನ ಮೇಲಿಡಿ, ಆಗದಿದ್ದರೆ ಒಂದು ಗೇಣು ಎತ್ತರದ ಪೀಠದ ಮೇಲಾದರೂ ಇರಲಿ. ಕಾಲಿಟ್ಟಾಗಲೆಲ್ಲ ಎದ್ದು ಬೀಳುವ ಧೂಳು ಹೆಚ್ಚಾಗಿರುವುದು ನೆಲದ ಹತ್ತಿರವೇ. ಪೆಟ್ಟಿಗೆಗೆ ಹೇಳಿದ ತತ್ವವೇ ಕ್ಯಾಬಿನೆಟ್‌ಗೂ: ಮುಂದಿನಿಂದ ಒಳತಳ್ಳುವ ಫ್ಯಾನ್‌ಗಳ ಬಲ ಹಿಂದಿನಿಂದ ಹೊರಹಾಕುವುದಕ್ಕಿಂತ ತುಸು ಹೆಚ್ಚಿರಬೇಕು. ಹಿಂದಿನ ಫ್ಯಾನಿನ ವೇಗವನ್ನು ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲಿ) ಇಳಿಸಿದರೂ ನಡೆಯುತ್ತದೆ. ಅದೇ ಟಿಶ್ಯೂ ಪಟ್ಟಿಯನ್ನು ಬಳಸದ ಯುಎಸ್‌ಬಿ ಕಿಂಡಿಯ ಮುಂದೆ, ಹಿಂಬದಿಯ ಖಾಲಿ ಸಂದಿಗಳ ಮುಂದೆ ಹಿಡಿಯಿರಿ. ಪಟ್ಟಿ ಒಳಕ್ಕೆ ಅಂಟಿಕೊಂಡರೆ ಹೊರಹೋಗುವ ಗಾಳಿ ಹೆಚ್ಚಾಗಿದೆ, ಫಿಲ್ಟರ್ ಇಲ್ಲದ ದಾರಿಯಿಂದ ಧೂಳು ನುಗ್ಗುತ್ತಿದೆ ಎಂದು ತಿಳಿಯಿರಿ.

ಹಾಲ್‌ನ ಗಾಳಿಯನ್ನೇ ಸೋಸುವ ಯಂತ್ರ ಬೇಕೆನಿಸಿದರೆ ದುಬಾರಿಯದನ್ನು ಕೊಳ್ಳುವ ಮೊದಲು ಕಾರ್ಸಿ-ರೋಸೆಂಥಾಲ್ ಪೆಟ್ಟಿಗೆಯನ್ನು ಪ್ರಯತ್ನಿಸಿ. 2020ರಲ್ಲಿ, ಕೋವಿಡ್ ಕಾಲದಲ್ಲಿ, ರಿಚರ್ಡ್ ಕಾರ್ಸಿ ಮತ್ತು ಜಿಮ್ ರೋಸೆಂಥಾಲ್ ರೂಪಿಸಿದ ಸರಳ ಉಪಾಯ. ಮರ್ವ್ 13ರ ನಾಲ್ಕೈದು ಫಿಲ್ಟರ್‌ಗಳನ್ನು ಘನಾಕಾರದಲ್ಲಿ ಟೇಪ್‌ನಿಂದ ಜೋಡಿಸಿ, ಮೇಲೆ ಒಂದು ಚೌಕ ಫ್ಯಾನ್ ಇಟ್ಟರೆ ಆಯಿತು. ಮರಗೆಲಸದವರು ನಿಮ್ಮಲ್ಲೇ ಇದ್ದಾರೆ, ಒಂದು ಮಧ್ಯಾಹ್ನದ ಕೆಲಸ. ಅಯಾನ್ ಹೊರಸೂಸುವ ಗಾಳಿಶುದ್ಧಿ ಯಂತ್ರಗಳು ಮಾತ್ರ ಬೇಡ. ಅವು ಧೂಳಿಗೆ ವಿದ್ಯುದಾವೇಶ ಕೊಟ್ಟು ಹತ್ತಿರದ ವಸ್ತುಗಳ ಮೇಲೆ ಕೂರಿಸುತ್ತವೆ. ಹತ್ತಿರದ ವಸ್ತು ನಿಮ್ಮ ಮಾನಿಟರ್ ಆಗಿರುತ್ತದೆ.

ಶುಚಿ ಮಾಡುವ ಬಗೆಗೆ ಬಂದರೆ, ನಿಮ್ಮ ಎರಡು ತಿಂಗಳ ಬ್ಲೋವರ್ ಸೇವೆ ಏಕೆ ಫಲಿಸುತ್ತಿಲ್ಲ ಎಂಬುದು ಈಗ ನಿಮಗೇ ಹೊಳೆದಿರಬೇಕು. ಫ್ಯಾನ್ ಬಿಚ್ಚದೆ ಅದರ ಮೇಲಿಂದ ಊದಿದರೆ ಸಡಿಲ ಹುಡಿ ಹಾರುತ್ತದೆ, ಕಂಬಳಿ ಪದರ ತಗಡುಗಳಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಹಾರಿದ ಹುಡಿಯೋ, ಹಾಲ್‌ನೊಳಗೇ ಊದಿದ್ದರಿಂದ, ಪಕ್ಕದ ಏಳು ಕಂಪ್ಯೂಟರ್‌ಗಳಿಗೆ ಹಂಚಿಹೋಗುತ್ತದೆ. ಒಂದನ್ನು ಊದಿ ಇನ್ನೊಂದಕ್ಕೆ ತುಂಬಿಸುತ್ತ ಬಂದಿದ್ದೀರಿ.

ಕಂಪ್ಯೂಟರನ್ನು ಹೊರಗೆ ಒಯ್ಯಿರಿ. ವಿದ್ಯುತ್ ಕೇಬಲ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಬರಿದು ಮಾಡಿ. ಕೆಲಸದುದ್ದಕ್ಕೂ ಆಗಾಗ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟುತ್ತಿರಿ. ಬೆರಳಿಗೆ ಚುರ್ರೆನ್ನುವ ಸ್ಥಿರವಿದ್ಯುತ್ ಸುಮಾರು 3000 ವೋಲ್ಟ್‌ನದ್ದು, ಚಿಪ್‌ಗಳು ಅದಕ್ಕಿಂತ ಬಹಳ ಕಡಿಮೆಯಲ್ಲೇ ಕೆಡಬಲ್ಲವು, ನಿಮಗೆ ಗೊತ್ತೂ ಆಗುವುದಿಲ್ಲ. ಇದೇ ಕಾರಣಕ್ಕೆ ಮನೆಬಳಕೆಯ ವ್ಯಾಕ್ಯೂಮ್‌ನ ಪ್ಲಾಸ್ಟಿಕ್ ಮೂತಿಯನ್ನು ಬೋರ್ಡಿಗೆ ತಾಗಿಸಬೇಡಿ. ಮೆತ್ತನೆಯ ಕುಂಚದಿಂದ ಧೂಳು ಬಿಡಿಸುತ್ತ, ಒಂದು ಗೇಣು ದೂರದಲ್ಲಿ ಅದರ ಬಾಯಿ ಹಿಡಿದರೆ ಹಾರುವುದನ್ನು ಹಿಡಿದುಕೊಳ್ಳುತ್ತದೆ, ಅಷ್ಟು ಸಾಕು. ಪ್ರೊಸೆಸರ್ ಫ್ಯಾನನ್ನು ಹೀಟ್ ಸಿಂಕ್‌ನಿಂದ ಬಿಚ್ಚಿ. ಹೆಚ್ಚಿನವಕ್ಕೆ ಎರಡು ತಂತಿ ಕ್ಲಿಪ್ ಅಥವಾ ನಾಲ್ಕು ಸ್ಕ್ರೂ ಇರುತ್ತವೆ. ಹೀಟ್ ಸಿಂಕನ್ನು ಪ್ರೊಸೆಸರ್‌ನಿಂದ ಎಬ್ಬಿಸುವ ಅಗತ್ಯವಿಲ್ಲ, ಎಬ್ಬಿಸಿದರೆ ಅವೆರಡರ ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಬೇಕಾಗುತ್ತದೆ. ಕಂಬಳಿ ಪದರವನ್ನು ಚಿಮಟದಿಂದ ಎತ್ತಿದರೆ ಹಪ್ಪಳದ ಹಾಗೆ ಒಂದೇ ತುಂಡಾಗಿ ಬರುತ್ತದೆ. ಅದನ್ನು ಮೊದಲ ಸಲ ಎತ್ತಿದಾಗಿನ ತೃಪ್ತಿಯೇ ಬೇರೆ.

ಆಮೇಲೆ ಊದಿ. ಫ್ಯಾನಿನ ರೆಕ್ಕೆಗೆ ಬೆರಳು ಅಡ್ಡವಿಟ್ಟು ಊದಿ, ಗಿರ್ರೆಂದು ತಿರುಗಿಸುವ ಆಟ ಬೇರಿಂಗ್‌ಗೆ ಒಳ್ಳೆಯದಲ್ಲ. ಕಾರ್ಯಾಗಾರದ ಕಂಪ್ರೆಸರ್ ಬಳಸುವುದಾದರೆ ನೀರು, ಎಣ್ಣೆ ಬೇರ್ಪಡಿಸುವ ಫಿಲ್ಟರ್ ಇರಲೇಬೇಕು, ಒತ್ತಡವನ್ನು ಎರಡು ಬಾರ್‌ಗೆ ಇಳಿಸಿರಬೇಕು. ಡಬ್ಬಿಯಲ್ಲಿ ಸಿಗುವ ‘ಗಾಳಿ’ ಗಾಳಿಯಲ್ಲ, ಒತ್ತಿ ದ್ರವ ಮಾಡಿದ ಅನಿಲ. ಅನೇಕ ಡಬ್ಬಿಗಳಲ್ಲಿರುವುದು ಬೆಂಕಿ ಹತ್ತುವಂಥದ್ದು. ಡಬ್ಬಿಯನ್ನು ಓರೆ ಮಾಡಿದರೆ ದ್ರವವೇ ಚಿಮ್ಮಿ ಬೋರ್ಡನ್ನೂ ಬೆರಳನ್ನೂ ಹೆಪ್ಪುಗಟ್ಟಿಸುತ್ತದೆ. ಕಂಪ್ಯೂಟರಿನ ಭಾಗಗಳಿಗೆಲ್ಲ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಬಿಚ್ಚಲೇಬೇಡಿ. ಅದರೊಳಗಿನ ಕೆಪಾಸಿಟರ್ 300 ವೋಲ್ಟ್‌ಗೂ ಮೀರಿದ ವಿದ್ಯುತ್ತನ್ನು ಕೇಬಲ್ ಕಿತ್ತ ಮೇಲೂ ಹಿಡಿದಿಟ್ಟಿರಬಹುದು. ಹೊರಗಿನ ಜಾಲರಿಯ ಮೂಲಕ ಊದಿದರೆ ಸಾಕು. ಹಾರ್ಡ್ ಡಿಸ್ಕ್ ಬಗ್ಗೆ ಚಿಂತೆ ಬೇಡ, ಅದಕ್ಕೆ ಅದರದ್ದೇ ಫಿಲ್ಟರ್ ಇದೆ. ಅದರ ಮೈಮೇಲಿನ ಸಣ್ಣ ರಂಧ್ರಕ್ಕೆ ಮಾತ್ರ ಟೇಪ್ ಅಂಟಿಸಬೇಡಿ.

ಎಷ್ಟು ದಿನಕ್ಕೊಮ್ಮೆ ಎಂದು ಕ್ಯಾಲೆಂಡರ್ ನೋಡುವುದಕ್ಕಿಂತ ಕಂಪ್ಯೂಟರನ್ನೇ ಕೇಳುವುದು ಮೇಲು. ಶುಚಿ ಮಾಡಿದ ದಿನ, ದಿನವೂ ಮಾಡುವ ಭಾರದ ಒಂದು ಕೆಲಸವನ್ನು ಅರ್ಧ ಗಂಟೆ ಓಡಿಸಿ, ಪ್ರೊಸೆಸರ್ ತಾಪಮಾನ ಎಷ್ಟೆಂದು ಕ್ಯಾಬಿನೆಟ್ ಮೇಲೆಯೇ ಚೀಟಿ ಅಂಟಿಸಿ ಬರೆಯಿರಿ. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೋ, ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಇದನ್ನು ತೋರಿಸುತ್ತವೆ. ತಿಂಗಳಿಗೊಮ್ಮೆ ಅದೇ ಕೆಲಸ, ಅದೇ ಹೊತ್ತಿನಲ್ಲಿ ಮತ್ತೆ ನೋಡಿ. ಹತ್ತು ಡಿಗ್ರಿ ಏರಿದ್ದರೆ ತೆರೆಯುವ ಕಾಲ ಬಂದಿದೆ. ಏರದಿದ್ದರೆ ತೆರೆಯಬೇಡಿ, ಸುಮ್ಮನೆ ತೆರೆದು ಮುಚ್ಚುವುದರಲ್ಲೇ ಕೆಟ್ಟ ಕಂಪ್ಯೂಟರ್‌ಗಳೂ ಇವೆ.

ಫಿಲ್ಟರ್ ತೊಳೆಯುವುದು ಮಾತ್ರ ಹೀಗೆ ಬಿಡುವಂಥದ್ದಲ್ಲ. ‘ಎಲ್ಲರೂ ನೋಡಿಕೊಳ್ಳೋಣ’ ಎಂದು ಸಭೆಯಲ್ಲಿ ಒಪ್ಪಿಕೊಂಡ ಫಿಲ್ಟರ್‌ಗಳನ್ನು ಆರು ತಿಂಗಳ ನಂತರ ನೋಡಿದ ಅನುಭವ ನನಗಿದೆ. ಆ ಜಾಗದಲ್ಲಿ ಹತ್ತಾರು ಜನರಿದ್ದರು, ಎಲ್ಲರೂ ಜವಾಬ್ದಾರಿಯುಳ್ಳವರೇ, ಜಾಲರಿಯ ಒಂದು ಕಣ್ಣೂ ತೆರೆದಿರಲಿಲ್ಲ. ಪ್ರತಿ ಕ್ಯಾಬಿನೆಟ್‌ಗೆ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೆ ಒಬ್ಬರ ಹೆಸರು. ಹೆಸರು ಮೇಲೆ ಹೇಳಿದ ಚೀಟಿಯಲ್ಲೇ ಇರಲಿ. ಪ್ರತಿ ಫಿಲ್ಟರಿಗೂ ಎರಡು ಜೊತೆ ಕೊಳ್ಳಿ: ಒಂದು ಕಂಪ್ಯೂಟರ್ ಮೇಲೆ, ಒಂದು ತೊಳೆದು ಮೊಳೆಗೆ ತೂಗುಹಾಕಿದ್ದು. ಒಂದೇ ಜೊತೆ ಇದ್ದರೆ ಒದ್ದೆಯಾಗಿರುವಾಗಲೇ ಹಾಕುತ್ತಾರೆ, ಇಲ್ಲವೇ ಒಣಗಲೆಂದು ಬಿಟ್ಟು ಮರೆಯುತ್ತಾರೆ. ಅರ್ಧ ನಿಮಿಷದಲ್ಲಿ ಬದಲಿಸಬಹುದಾದ ಫಿಲ್ಟರನ್ನು ಜನ ಬದಲಿಸುತ್ತಾರೆ, ಸ್ಕ್ರೂಡ್ರೈವರ್ ಬೇಕಾದದ್ದನ್ನು ಬದಲಿಸುವುದಿಲ್ಲ. ಕೊಳ್ಳುವಾಗ ಇದೊಂದನ್ನು ನೋಡಿ ಕೊಳ್ಳಿ.

ಕೊನೆಗೆ, ತಾನಾಗಿ ಆಫ್ ಆಗುವ ಆ ಕಂಪ್ಯೂಟರ್. ಪ್ರೊಸೆಸರ್ ಬಿಸಿಯೇ ಕಾರಣ ಎಂದು ನೀವೆಲ್ಲ ತೀರ್ಮಾನಿಸಿರಬಹುದು. ನನಗೆ ಅನುಮಾನ. ಇಂದಿನ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಮುಟ್ಟುತ್ತಲೇ ಮೊದಲು ತಮ್ಮ ವೇಗ ಇಳಿಸಿಕೊಳ್ಳುತ್ತವೆ. ಕಂಪ್ಯೂಟರ್ ಮಂದವಾಗುತ್ತದೆ, ಫ್ಯಾನ್ ಕೂಗುತ್ತದೆ, ಅಷ್ಟಾಗಿಯೂ ಬಿಸಿ ಏರಿದರೆ ಮಾತ್ರ ಆಫ್ ಆಗುತ್ತದೆ. ನಿಮ್ಮದು ಮಂದವಾಗದೆ ದಿಢೀರನೆ ಆರುತ್ತದೆಯೇ? ಆರಿದ ಮೇಲೆ ಕೆಲವು ನಿಮಿಷ ಗುಂಡಿ ಒತ್ತಿದರೂ ಏಳುವುದಿಲ್ಲವೇ? ಹಾಗಿದ್ದರೆ ಬಿಸಿಯಾಗಿರುವುದು ಎಸ್‌ಎಂಪಿಎಸ್. ಹೆಚ್ಚಿನ ಹೊಸ ಕ್ಯಾಬಿನೆಟ್‌ಗಳಲ್ಲಿ ಅದು ತಳದಲ್ಲಿರುತ್ತದೆ, ಅದರ ಫ್ಯಾನ್ ಕೆಳಮುಖವಾಗಿ ನೆಲದ ಕಡೆಯಿಂದ ಗಾಳಿ ಎಳೆಯುತ್ತದೆ. ಆ ಕಿಂಡಿಗೂ ಒಂದು ಫಿಲ್ಟರ್ ಇರುತ್ತದೆ, ಹಿಂದಿನಿಂದಲೋ ಪಕ್ಕದಿಂದಲೋ ಜಾರಿಸಿ ಹೊರತೆಗೆಯುವಂಥದ್ದು. ಕ್ಯಾಬಿನೆಟ್ ತೆರೆದು ಬ್ಲೋವರ್ ಹಿಡಿದವರಿಗೆ ಅದು ಕಾಣುವುದೇ ಇಲ್ಲ. ಹಾಗಾಗಿ ಏನನ್ನಾದರೂ ಕೊಳ್ಳುವ ಮೊದಲು ಆ ಕಂಪ್ಯೂಟರಿನ ಕೇಬಲ್‌ಗಳನ್ನು ಕಿತ್ತು, ಮೇಜಿನ ಮೇಲೆ ಮಲಗಿಸಿ, ತಳವನ್ನೊಮ್ಮೆ ನೋಡಿ.